ತೆಂಗಿನತಾಯಿ

"ಇಳಿಯಲ್ಲ ಅಂದ್ರೆ ಇಳಿಯಲ್ಲ!"

ಏಳು ವರ್ಷದ ಅನುಪಮಾ ಕಾಯಿ ತುಂಬಿದ ಅಟ್ಟದ ಮೇಲೆ ಹತ್ತಿ ಕೂತಿದ್ದಳು. ಕೆಳಗೆ ಅವಳಪ್ಪ ಕಾಂತೇಶ್ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹೊಸ ಲಂಗ ಹಿಡಿದು ನಿಂತಿದ್ದ. ಹತ್ತೋಣವೆಂದರೆ ಏಣಿಯನ್ನು ನೆಲಕ್ಕೆ ಮಲಗಿಸಿ, ಅವನವ್ವ ಹನುಮಕ್ಕ ಅದರ ಮೇಲೇ ಕೂತುಬಿಟ್ಟಿದ್ದಳು.

"ಒಂದೇ ಒಂದು ರೀಲ್ ಕಣಮ್ಮ. 'ತೆಂಗಿನತಾಯಿ' ಅಂತ ಒಂದ್ಸಲ ಅಂದ್ಬುಡು, ಸಾಕು. ಜನ ಕೇಳ್ತಾವ್ರೆ."

ಅನುಪಮಾಗೆ 'ಕ' ಅನ್ನಲು ನಾಲಗೆ ಇನ್ನೂ ಹೊರಳುವುದಿಲ್ಲ. ಅವಳ ಬಾಯಲ್ಲಿ ಕಾಯಿ ತಾಯಿಯಾಗುತ್ತದೆ. ಮನೆಯವರು ನಕ್ಕು ಮುದ್ದು ಮಾಡುತ್ತಿದ್ದ ಆ ಮಾತನ್ನು ಈ ಪುಣ್ಯಾತ್ಮ ಯುಗಾದಿ ದಿನ ರೀಲ್ ಮಾಡಿ ಹಾಕಿದ. ಹುಳಿಯಾರಿನಿಂದ ತುರುವೇಕೆರೆ ತನಕ ಯಾರ ಫೋನು ನೋಡಿದರೂ ಅದೇ. ಈಗ ಸ್ಕೂಲಿನಲ್ಲಿ ಎಲ್ಲರಿಗೂ ಅವಳು ತೆಂಗಿನತಾಯಿ. ಮಿಸ್ ಹಾಜರಿ ಕೂಗಿದರೆ ಕೈ ಎತ್ತುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ಅಂಥ ಮಾತಿನಮಲ್ಲಿ ಮಗು! ಅಪ್ಪನಿಗೆ ಮಾತ್ರ ಕಂಡದ್ದು ಬರೀ ಲೈಕು.

"ಅವ್ವಾ, ಏಣಿ ಕೊಡವ್ವ. ಬೆಳಕು ಹೋಯ್ತಾ ಐತೆ."

"ಕೊಡಾಕಿಲ್ಲ ಕಣ್ಲಾ. ಕೂಸು ಬ್ಯಾಡ ಅಂತೈತೆ."

"ಅದಕ್ಕೇನು ಗೊತ್ತಾಯ್ತದೆ? ಊರ ಮಕ್ಳೆಲ್ಲ ಫೋನಾಗೇ ಅವ್ರೆ. ನಿನ್ನ ಮೊಮ್ಮಗಳಿಗೂ ನಾಕು ಜನದಾಗೆ ಹೆಸ್ರು ಬಂತಲ್ಲ, ಅದ ನೋಡು."

"ಹೆಸ್ರು ಬಂತಾ? ಇದ್ದ ಹೆಸ್ರೇ ಹೋಯ್ತಲ್ಲೋ!"

ಕಾಂತೇಶನಿಗೆ ರೇಗಿತು. "ಲೇ ಅನೂ, ಇಳೀತೀಯೋ, ಮೇಲೇ ಬರ್ಲೋ?"

ಅನುಪಮಾ ಪಕ್ಕದಲ್ಲಿದ್ದ ಕಾಯಿಯೊಂದನ್ನು ಎತ್ತಿ, ಅಜ್ಜಿ ಮಾಡುವ ಹಾಗೆಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನೀರು ಕುಲುಕಿತೇ ಹೊರತು ಗಡಗಡ ಸದ್ದಿಲ್ಲ.

"ಅಪ್ಪಾ, ಇದು ಹಸೀದು. ಇಳಿಸ್ಲಾ?"

"ಏಯ್, ಅದನ್ಯಾಕೆ ಮುಟ್ಟಿದೆ? ಒಣಗಿ ಒಳಗೆ ಕೊಬ್ಬರಿ ಗಡಗಡ ಅನ್ನೋಗಂಟ ಅಟ್ಟದ ಕಾಯಿ ಯಾರಾದ್ರೂ ಇಳಿಸ್ತಾರೇನೇ? ಕೆಟ್ಟೋಯ್ತದೆ, ಇಡು!"

"ಹಂಗೇಳಪ್ಪ ನನ್ನ ಮಗ್ನೆ," ಅಂದಳು ಹನುಮಕ್ಕ.

"ನಾನೂ ಹಸೀ ತಾಯೀನೇ!" ಅನುಪಮಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನನ್ನೂ ಇಳಿಸ್ಬ್ಯಾಡ!"

ಎಷ್ಟೋ ದಿನದ ಮೇಲೆ ಮಗಳ ಗಂಟಲು ಹಾಗೆ ಬಿಚ್ಚಿತ್ತು. ಹನುಮಕ್ಕನ ಕಣ್ಣು ತುಂಬಿ ಬಂತು. ಕಾಂತೇಶನದೋ ಹಾಳು ಅಭ್ಯಾಸ, ಕೈ ತಾನಾಗಿ ಮೇಲೆದ್ದು ಫೋನು ಅಟ್ಟದತ್ತ ತಿರುಗಿತು. "ಆಹಾ, ಎಂಥ ಮಾತಮ್ಮಾ! ಇನ್ನೊಂದ್ಸಲ ಅನ್ನು..."

ಧಡ್ ಅಂತ ಕಾಯಿ ಬಂದು ಅವನ ಕಾಲಿನ ಪಕ್ಕದಲ್ಲೇ ಬಿತ್ತು. ಬೆಚ್ಚಿ ತಲೆ ಎತ್ತಿದರೆ, ಮಗಳು ಎರಡೂ ಕೈಯಲ್ಲಿ ಇನ್ನೊಂದನ್ನು ಎತ್ತಿ ಹಿಡಿದು ಗುರಿ ನೋಡುತ್ತಿದ್ದಳು.

"ಈ ತಾಯಿ ಫೋನಿಗೆ!"