ಅಕ್ಕ ಕೂತರೆ ಹತ್ತುವ ದೀಪ

“ಯಾವಾಗ ಹತ್ತುತ್ತೆ ಅಂತ ಸರಿಯಾಗಿ ಹೇಳಿ ಸಾರ್,” ಎಂದು ಮೆಕ್ಯಾನಿಕ್ ಮತ್ತೊಮ್ಮೆ ಕೇಳಿದ. ಗ್ಯಾರೇಜಿನ ಸುತ್ತಮುತ್ತಲ ರಸ್ತೆಗಳಲ್ಲೆಲ್ಲ ಆ ಹಳೆಯ ಕಾರನ್ನು ಓಡಿಸಿ, ಹಳ್ಳಕ್ಕೆ ಇಳಿಸಿ, ಗಕ್ಕನೆ ಬ್ರೇಕ್ ಹಾಕಿ ನೋಡಿ ಬಂದಿದ್ದ. ಸ್ಟೀರಿಂಗಿನ ಮುಂದೆ ಎಬಿಎಸ್ ಎಂದು ಬರೆದ ಬ್ರೇಕಿನ ಎಚ್ಚರಿಕೆ ದೀಪವಾಗಲಿ, ಪಕ್ಕದ ಜಾರುವ ಕಾರಿನ ಚಿತ್ರದ ದೀಪವಾಗಲಿ ಒಮ್ಮೆಯೂ ಹತ್ತಿರಲಿಲ್ಲ.

ಕಾರಿನವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನಮ್ಮಕ್ಕ ಹಿಂದಿನ ಸೀಟಲ್ಲಿ ಕೂತಾಗ.”

ಮೆಕ್ಯಾನಿಕ್ ನಗಲಿಲ್ಲ. “ಹಾಗಾದ್ರೆ ಅಕ್ಕನ್ನ ಕರ್ಕೊಂಡು ಬನ್ನಿ.”

ಕರೆದುಕೊಂಡು ಬರುವುದು ಅಷ್ಟು ಸುಲಭವಾಗಿರಲಿಲ್ಲ. ಅಕ್ಕ ಮೈಕೈ ತುಂಬಿಕೊಂಡ ಹೆಂಗಸು. ಅದಕ್ಕಾಗಿ ಯಾರ ಮುಂದೆಯೂ ಸಂಕೋಚಪಟ್ಟವಳಲ್ಲ. ಆದರೆ ಹೋದ ತಿಂಗಳು ಅವಳು ಕಾರು ಹತ್ತಿ ಕೂತದ್ದೇ ತಡ, ಎರಡೂ ಹಳದಿ ದೀಪಗಳು ಹತ್ತಿ ಕಾರು ಟಿಣ್ ಎಂದಿತ್ತು. ತಮ್ಮನ ಹೆಂಡತಿ ಬಾಯಿ ತಡೆಯಲಾರದೆ, “ಕಾರಿಗೂ ಅತ್ತಿಗೆಯ ಗುರುತು ಸಿಗುತ್ತೆ ನೋಡಿ,” ಎಂದುಬಿಟ್ಟಿದ್ದಳು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಆ ಕಾರಿನ ಕಡೆ ತಲೆ ಹಾಕಲಿಲ್ಲ. ನಾಳೆ ತಂಗಿಯ ಮಗುವನ್ನು ನೋಡಲು ಎಲ್ಲರೂ ಹೋಗಬೇಕು, ದಾರಿ ದೂರ. “ನೀವು ಕಾರಲ್ಲಿ ಹಾಯಾಗಿ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ,” ಎಂದು ಅಕ್ಕ ಹೇಳಿ ಕಳಿಸಿದ್ದಳು. ತನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಬಸ್ಸಿನಲ್ಲಿ ನೂಕಾಡಿಕೊಂಡು ಬರುವಾಗ ತಾನು ಕಾರಿನಲ್ಲಿ ಕಾಲು ಚಾಚಿಕೊಂಡು ಹೋಗುವುದೆಂದರೆ ತಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯದು. ಬಾಯಿ ಜಾರಿದ ಹೆಂಡತಿಯೂ ಅಂದಿನಿಂದ ಮಂಕಾಗಿಯೇ ಇದ್ದಳು.

ಅವನು ಅಕ್ಕನ ಮನೆಗೆ ಹೋದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಅಕ್ಕ, ಒಂದ್ನಿಮಿಷ ಗ್ಯಾರೇಜಿಗೆ ಬರ್ತೀಯಾ?”

“ನಾನ್ಯಾಕೆ? ತೂಕ ಹಾಕೋಕಾ?”

“ಹೂಂ,” ಎಂದ. ಅಕ್ಕನ ಮುಂದೆ ಸುಳ್ಳು ಹೇಳುವ ವಿದ್ಯೆ ಅವನಿಗೆ ಹುಟ್ಟಿದಂದಿನಿಂದಲೂ ಒಲಿದಿರಲಿಲ್ಲ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಲ್ಲಿದ್ದ ಟವೆಲನ್ನು ಕುರ್ಚಿಯ ಮೇಲೆ ಒಗೆದು ಚಪ್ಪಲಿ ಮೆಟ್ಟಿದಳು. “ನಡಿ. ಆ ನಿನ್ನ ಕಾರಿಗೆ ನನ್ನ ಮೇಲೆ ಏನು ಸಿಟ್ಟು ಅಂತ ನಾನೂ ಒಂದು ಕೈ ನೋಡೇಬಿಡ್ತೀನಿ.”

ಗ್ಯಾರೇಜಿನಲ್ಲಿ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದ್ದರು. ಮೆಕ್ಯಾನಿಕ್ ಗುಂಡಿಯೊಳಗೆ ನಿಂತು ಹಿಂಚಕ್ರದ ತಂತಿಗೆ ಮೀಟರು ಹಿಡಿದಿದ್ದ. ತಂತಿ ಒಳಗೆ ಕೂಡಿಕೊಂಡಿರುವವರೆಗೂ ಮೀಟರು ಕುಯ್ಯೆನ್ನುತ್ತಿತ್ತು. ಅಕ್ಕ ಹತ್ತಿ ಕೂತಳು. ಮೀಟರಿನ ಬಾಯಿ ಬಂದ್ ಆಯಿತು.

“ಇಳೀರಿ ಅಮ್ಮ.” ಕುಯ್.

“ಹತ್ತಿ ಅಮ್ಮ.” ಸದ್ದಿಲ್ಲ.

“ಇನ್ನೊಂದ್ಸಲ.”

“ಏನಪ್ಪಾ, ಈ ವಯಸ್ಸಲ್ಲಿ ಬಸ್ಕಿ ಹೊಡೆಸ್ತಿದ್ದೀಯಾ?” ಎಂದಳು ಅಕ್ಕ. ಆದರೂ ಇಳಿದು ಹತ್ತಿದಳು.

“ಸಿಕ್ತು,” ಎಂದು ಗುಂಡಿಯೊಳಗಿಂದ ದನಿ ಬಂತು. ಮೆಕ್ಯಾನಿಕ್ ಒಂದು ತುಂಡು ತಂತಿ ಹಿಡಿದು ಮೇಲೆ ಬಂದ. ಹೊರಗಿನ ಹೊದಿಕೆ ಹೊಸದರಂತಿತ್ತು. ಬಗ್ಗಿಸಿದರೆ ಒಳಗೆ ಎಳೆಗಳೆಲ್ಲ ತುಂಡಾಗಿದ್ದವು. “ಚಕ್ರದ ವೇಗ ಎಬಿಎಸ್‌ಗೆ ತಿಳಿಸೋ ತಂತಿ ಇದು. ಕಾರಿನ ಹಿಂಭಾಗ ತಗ್ಗಿದಾಗ ಎಳೆದುಕೊಂಡು ಬಿಟ್ಕೊಳ್ತಿತ್ತು. ಮಾಮೂಲಿ ಬ್ರೇಕಿಗೇನೂ ಆಗಲ್ಲ. ಆದ್ರೆ ಒದ್ದೆ ರಸ್ತೇಲಿ ಜೋರಾಗಿ ತುಳಿದ್ರೆ ಚಕ್ರ ಕಚ್ಚಿಕೊಂಡು ಕಾರು ಜಾರ್ತಾ ಹೋಗುತ್ತೆ. ನಿಮ್ಮಂಥ ಕಡ್ಡಿ ಪೈಲ್ವಾನ್‌ಗಳು ಕೂತಿದ್ರೆ ಇದು ಸಿಗ್ತಾನೇ ಇರ್ಲಿಲ್ಲ ಸಾರ್. ಅಮ್ಮ ಕೂತಿದ್ದಕ್ಕೆ ಸಿಕ್ತು.”

ಅಕ್ಕನ ಮುಖ ಮೊರದಗಲವಾಯಿತು. ಹೊಸ ತಂತಿ ಬೆಸೆದು, ಎಳೆದುಕೊಳ್ಳದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ ಮೇಲೆ ಯಾರೂ ಕೇಳದೆಯೇ ಹತ್ತಿ ಕೂತಳು. ಆಚೆ ವಾಲಿದಳು, ಈಚೆ ವಾಲಿದಳು, ಕೂತಲ್ಲೇ ಕುಣಿದಳು. ಮೀಟರು ಕುಯ್ಯೆನ್ನುವುದನ್ನು ನಿಲ್ಲಿಸಲಿಲ್ಲ. ತಮ್ಮನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು.

“ಇನ್ನೊಂದು ವಿಷಯ,” ಎಂದ ಮೆಕ್ಯಾನಿಕ್. “ಕೀ ತಿರುಗಿಸಿದಾಗ ಆ ದೀಪ ಎರಡೂ ಒಂದು ಗಳಿಗೆ ಹತ್ತಿ ಆರುತ್ತೆ. ಕಾರು ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋದು ಅಷ್ಟೆ. ಯಾರು ಕೂತ್ರೂ ಹತ್ತುತ್ತೆ.”

“ಯಾರು ಕೂತ್ರೂನಾ?” ಎಂದು ಅಕ್ಕ ಕೇಳಿದಳು. ಕೇಳಿದ ರೀತಿ ನೋಡಿಯೇ ತಮ್ಮನಿಗೆ ಏನೋ ಕಾದಿದೆ ಅನ್ನಿಸಿತು.

ತಮ್ಮನ ಮನೆ ಮುಂದೆ ಕಾರು ನಿಂತಾಗ ಅವನ ಹೆಂಡತಿ ಗೇಟಿನ ಹತ್ತಿರ ಓಡಿಬಂದಳು. ಅಕ್ಕ ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದಳು. “ಬಾರೇ, ಇಲ್ಲಿ ಕೂತ್ಕೋ. ಲೋ, ಈಗ ಕೀ ತಿರುಗಿಸು.”

ತಮ್ಮ ಕೀ ತಿರುಗಿಸಿದ. ಎರಡೂ ದೀಪಗಳು ಹತ್ತಿದವು. ದಿನವೂ ಹತ್ತುವ ಆ ದೀಪಗಳನ್ನು ಹೆಂಡತಿ ಎಂದೂ ಗಮನಿಸಿದವಳಲ್ಲ. ಈಗ ನೋಡಿ ಅವಳ ಮುಖ ಕೆಂಪೇರಿತು.

“ನೋಡಿದ್ಯಾ, ನಿನ್ನ ಗುರುತೂ ಸಿಕ್ತು ಇದಕ್ಕೆ,” ಎಂದಳು ಅಕ್ಕ.

ದೀಪಗಳು ಆರಿದ್ದು ಹೆಂಡತಿಗೆ ಕಾಣಿಸಲಿಲ್ಲ. ಆಗಲೇ ತಲೆ ತಗ್ಗಿಸಿ ಇಳಿಯಲು ಒಂದು ಕಾಲು ಹೊರಗಿಟ್ಟಿದ್ದಳು. “ಹಾಗಾದ್ರೆ ನಾಳೆ ನಾನೇ ಬಸ್ಸಲ್ಲಿ ಬರ್ತೀನಿ ಅತ್ತಿಗೆ. ನೀವು ಕಾರಲ್ಲಿ ಬನ್ನಿ.”

ಅಕ್ಕ ಅವಳ ಕಾಲನ್ನು ಒಳಗೆ ತಳ್ಳಿದಳು. ತಾನೂ ಪಕ್ಕದಲ್ಲಿ ಕೂತು, ಕಾರು ಒಮ್ಮೆ ಕುಸಿದು ಏಳುವ ಹಾಗೆ ಒತ್ತಿಕೊಂಡು, ಬಾಗಿಲು ಎಳೆದುಕೊಂಡಳು.

“ಸುಮ್ನೆ ಕೂತ್ಕೊಳ್ಳೇ. ಎಲ್ಲರಿಗೂ ಹತ್ತುತ್ತೆ ಅದು.”