ಶುದ್ಧ ಮರಾಠಿ

"ಮೊದಲು ಆ ಬುಟ್ಟಿ ಮೇಲೆ ಹಾಕಿಸಿ!" ವೈಜನಾಥ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಂಡಕ್ಟರನ ಮೇಲೆ ಹರಿಹಾಯ್ದ. ವಸಯಿಯಿಂದ ನಾಸಿಕಕ್ಕೆ ಹೊರಟ ಬಸ್ಸು ಭಿವಂಡಿ ಮುಟ್ಟುವಷ್ಟರಲ್ಲಿ ನಾತಕ್ಕೆ ಅವನ ತಲೆ ತಿರುಗತೊಡಗಿತ್ತು.

"ಬುಟ್ಟಿ ಖಾಲಿ, ಸಾಹೇಬ. ತೊಳೆದದ್ದು," ಎಂದಳು ಮುಂದಿನ ಸೀಟಿನ ಮೀನುಗಾರ ಹೆಂಗಸು.

ಬುಟ್ಟಿ ಬಸ್ಸಿನ ನೆತ್ತಿಗೇರಿತು. ನಾತ ಇಳಿಯಲಿಲ್ಲ. ಸೀರೆಗೂ ಹತ್ತಿದೆ ಎಂದು ವೈಜನಾಥ ತೀರ್ಮಾನಿಸಿದ. ತೀರ್ಮಾನ ಮಾಡುವುದರಲ್ಲಿ ಅವನು ಯಾವಾಗಲೂ ಮುಂದು.

ಬೀದರ ಕಡೆಯವನು, ನಾಸಿಕದಲ್ಲಿ ಗುಮಾಸ್ತ. ಲಿಂಗ ಕಟ್ಟಿದವನು, ಮೊಟ್ಟೆ ಕಂಡರೂ ದಾರಿ ಬದಲಿಸುವವನು. ಮರಾಠಿಯಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಅವನ ನಂಬಿಕೆ. ಅದಕ್ಕೆ ಅವನೊಬ್ಬನೇ ಸಾಕ್ಷಿ. ಎಂಟು ದಿನದ ಹಿಂದೆ ಹೆಂಡತಿ ಮಲ್ಲಮ್ಮ ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಏನೋ ತಪ್ಪಿದ್ದಕ್ಕೆ ಓಣಿಯ ಹೆಂಗಸರೆದುರೇ ಬಿದ್ದು ಬಿದ್ದು ನಕ್ಕಿದ್ದ. ಅವಳು ಕದ ಬಡಿದ ರಭಸಕ್ಕೆ ಕೈಯ ಬಳೆಗಳೆಲ್ಲ ಚೂರಾದವು. ಅಂದಿನಿಂದ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಅವಳ ದನಿಯಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ತಪ್ಪು ತನ್ನದೆಂದು ಅವನಿಗೂ ಗೊತ್ತಿತ್ತು. ಒಪ್ಪಿಕೊಳ್ಳಲು ಬಾಯಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಕಚೇರಿಯವರು ಕಾಗದ ಕೊಟ್ಟು ವಸಯಿಗೆ ಕಳಿಸಿದ್ದರು. ಹಳೆಯ ಬಂದರು. ಹುಟ್ಟಿದಾಗಿನಿಂದ ಸಮುದ್ರ ಕಾಣದವನು ಪೋರ್ಚುಗೀಸರ ಪಾಳು ಕೋಟೆ ಹತ್ತಿ, ಹಾಯಿದೋಣಿ ನೋಡುತ್ತ ಮೈಮರೆತ. ಮರಳಿ ಬಸ್ಸು ಹತ್ತಿ ಕೂತು, ಅದು ಹಾರ್ನ್ ಹೊಡೆದಾಗಲೇ ಮಲ್ಲಮ್ಮನಿಗೆ ಒಯ್ಯಬೇಕೆಂದಿದ್ದ ಬಳೆಯ ನೆನಪು. ಕಿಟಕಿಯಿಂದ ತಲೆ ಹೊರಹಾಕಿ, ಪೇಟೆಯ ಮುದುಕಿಯೊಬ್ಬಳನ್ನು ಕೂಗಿ, ಶುದ್ಧ ಮರಾಠಿಯಲ್ಲಿ ಒಂದು ಡಜನ್ ಕೇಳಿದ.

"ಹೊಳಪಿರಬೇಕು. ಹಸಿರು ನೀಲಿ ಬಣ್ಣ."

"ಕನ್ನಡಿಯ ಹಾಗೆ ಹೊಳೆಯುತ್ತವೆ, ನೋಡಿ!" ಮುದುಕಿ ಓಡಿಹೋಗಿ ಎಲೆಯಲ್ಲಿ ಸುತ್ತಿ, ಮೇಲೆ ಕಾಗದ ಕಟ್ಟಿ ತಂದಳು. "ಒತ್ತಬೇಡಿ. ಇವತ್ತೇ ಮನೆಯವಳ ಕೈಗೆ ಕೊಡಿ. ನಾಳೆಗೆ ಇಡಬೇಡಿ."

ಗಂಡ ಹೆಂಡಿರ ವಿಷಯ ಮುದುಕಿಗೆ ಎಷ್ಟು ತಿಳಿದಿದೆ ಎಂದು ವೈಜನಾಥನ ಕಣ್ಣು ತೇವವಾಯಿತು. ಪೊಟ್ಟಣವನ್ನು ಚೀಲಕ್ಕೆ ಹಾಕಿ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡ.

ಸಂಜೆ ಮನೆ ಸೇರಿದವನೇ ಅದನ್ನು ದೇವರ ಜಗಲಿಯ ಮುಂದಿಟ್ಟ. ಮಲ್ಲಮ್ಮ ಮೂಗು ಮುರಿದಳು.

"ಬಸ್ಸಿನ್ಯಾಗ ಮೀನಗಾರ್ತಿ ಇದ್ಲು," ಎಂದ ಅವಸರದಿಂದ. ಆಮೇಲೆ ದನಿ ಇಳಿಸಿದ. "ತಪ್ಪು ನಂದ. ನಿನ್ನ ಮರಾಠಿಗಿ ನಾ ನಗಬಾರದಿತ್ತು. ಬಳಿ ತಂದೀನಿ, ಬಿಚ್ಚಿ ನೋಡು."

ಅವಳು ದಾರ ಬಿಚ್ಚಿದಳು. ತುಂಬ ಹೊತ್ತು ನೋಡಿದಳು. ಎಂಟು ದಿನಗಳ ಮೌನ ಮುರಿಯಿತು.

"ಏನಂತ ಕೇಳಿದ್ರಿ?"

"ಬಾರಾ ಬಾಂಗಡೆ," ಎಂದ ಅವನು ಎದೆಯುಬ್ಬಿಸಿ.

"ಬಳಿಗಿ ಬಾಂಗಡಿ ಅಂತಾರ್ರಿ," ಎಂದಳು ಮಲ್ಲಮ್ಮ, ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತ. "ಬಾಂಗಡೆ ಅಂದ್ರ ಇವು."

ಎಲೆಯ ಮೇಲಿಂದ ಹನ್ನೆರಡು ಮೀನುಗಳು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದವು.