ತೋಳಿನ ದದ್ದು

ತಾಳಿ ಕಟ್ಟಿದ ಮೇಲೆ ಗಂಡ ಹೆಂಡತಿ ಒಂದೊಂದು ಹನಿ ರಕ್ತ ಬದಲಾಯಿಸಿಕೊಳ್ಳುವುದು ಎಲ್ಲ ಮದುವೆಗಳಲ್ಲೂ ವಾಡಿಕೆ. ಅಂದಿನಿಂದ ಒಬ್ಬರ ಮೈಗೆ ಆಗದ್ದು ಇನ್ನೊಬ್ಬರಿಗೂ ಆಗುತ್ತಿರಲಿಲ್ಲ. ಅಂಬುಜಾಕ್ಷಿಗೆ ಪೆನಿಸಿಲಿನ್ ಅಲರ್ಜಿ ಬಂದದ್ದು ಹಾಗೆಯೇ, ಗಂಡ ನಂಜುಂಡಯ್ಯನಿಂದ. ಮೊದಲ ಸಲ ಅವಳ ಮೈತುಂಬ ದದ್ದು ಎದ್ದಾಗ ಅವನು ಒದ್ದೆ ಬಟ್ಟೆ ಒತ್ತುತ್ತ, "ನನ್ನ ಮುನಿಸೆಲ್ಲ ನಿನ್ನ ಮೈಮೇಲೆ ಎದ್ದಿದೆ ಕಣೇ" ಎಂದು ನಕ್ಕಿದ್ದ.

ಅವನು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈಗ ಅವಳ ಕಾಲಿನ ಗಾಯ ಕೀವು ಕಟ್ಟಿತ್ತು.

"ಇಷ್ಟು ವರ್ಷಕ್ಕೆ ಅಲರ್ಜಿ ಹೋಗಿರ್ಬಹುದಮ್ಮ. ಹೋಗಿದ್ರೆ ಪೆನಿಸಿಲಿನ್ನೇ ಕೊಡೋಣ" ಎಂದು ಡಾಕ್ಟರ್ ಶಾಹಿದಾ ದದ್ದು ಏಳುತ್ತದೋ ನೋಡಲು ಅವಳ ತೋಳಿಗೆ ತುಸು ಔಷಧಿ ಚುಚ್ಚಿ, ಇನ್ನೊಬ್ಬ ರೋಗಿಯನ್ನು ನೋಡಲು ಹೋದರು.

ಅಂಬುಜಾಕ್ಷಿ ತೋಳನ್ನೇ ನೋಡುತ್ತ ಕೂತಳು. ಚರ್ಮ ತೆಪ್ಪಗಿತ್ತು.

"ಏಳ್ರೀ, ಒಂದ್ಸಲ" ಎಂದು ಪಿಸುಗುಟ್ಟಿದಳು.

ಏನೂ ಏಳಲಿಲ್ಲ. ಕೊನೆಗೆ ಆ ಜಾಗವನ್ನು ಉಗುರಿನಿಂದ ಕೆರೆದುಕೊಂಡಳು.

ಡಾಕ್ಟರು ಬಂದು ಕೆಂಪು ಗೀರುಗಳನ್ನು ನೋಡಿದರು, ಅವಳ ಮುಖವನ್ನೂ ನೋಡಿದರು.

"ಇನ್ನೂ ಇದಾರೆ, ಅಲ್ವಾ?" ಎಂದಳು ಅಂಬುಜಾಕ್ಷಿ.

"ಇದಾರಮ್ಮ. ಈ ಗಾಯಕ್ಕೆ ಬೇರೆ ಮಾತ್ರೆನೂ ಆಗುತ್ತೆ" ಎಂದ ಶಾಹಿದಾ, ಅವಳ ತೋಳಿಗೆ ಮೆಲ್ಲಗೆ ಒದ್ದೆ ಬಟ್ಟೆ ಒತ್ತಿದರು.